ಪಾಸು ಕಳೆದುಹೋದರೆ ನಾವು ಕಳ್ಳರಲ್ಲ

ಬೆಳಗಾಗುವ ಹೊತ್ತಿಗೆ ಮಾಲೂರು ರೈಲ್ವೆ ಸ್ಟೇಷನ್ನಿಗೆ ಹೋಗಿ ನೋಡಿ. ಎಷ್ಟು ಜನ! ಹೂವಿನ ಮೂಟೆ ಹೊತ್ತವರು ಇರ್ತಾರೆ. ಸೊಪ್ಪಿನ ಗಂಟು ಇಟ್ಟುಕೊಂಡವರು ಇರ್ತಾರೆ. ಗಾರೆ ಕೆಲಸದವರು, ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು, ಆಫೀಸಿನವರು, ಎಲ್ಲರೂ ಇರ್ತಾರೆ. ಎಲ್ಲರ ಕೈಯಲ್ಲೂ ಒಂದು ಊಟದ ಡಬ್ಬಿ. ಎಲ್ಲರ ಕಣ್ಣೂ ಬಂಗಾರಪೇಟೆ ಕಡೆ. ರೈಲು ಬಂದರೆ ಸಾಕು, ಹತ್ತಿ ವೈಟ್‌ಫೀಲ್ಡ್, ಕೃಷ್ಣರಾಜಪುರ, ಕಂಟೋನ್ಮೆಂಟ್ ಕಡೆ ಹೋಗ್ತಾರೆ. ಸಾಯಂಕಾಲ ಅದೇ ದಾರಿಯಲ್ಲಿ ವಾಪಸು.

ಈ ರೈಲು ದಾರಿ ಹಳೆಯದು. ಜೋಲಾರ್‌ಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟ್‌ಗೆ 1864ರಲ್ಲಿ ರೈಲು ಶುರುವಾಯಿತು. ಅಂದಿನಿಂದ ನಮ್ಮ ಕಡೆಯ ಜನಕ್ಕೆ ಈ ದಾರಿ ಅನ್ನ ಕೊಟ್ಟಿದೆ.

ದಿನಾ ಹೋಗಿ ಬರುವವರು ದಿನಾ ಟಿಕೆಟ್ ಕೊಳ್ಳುವುದಿಲ್ಲ. ಪಾಸು ಮಾಡಿಸುತ್ತಾರೆ. ಆ ಪಾಸು ಒಂದು ದಿನ ಕಳೆದುಹೋದರೆ? ಅದೇ ದಿನ ಟಿಕೆಟ್ ತಪಾಸಣೆಯವರು ಬಂದರೆ? "ಕೇಸು ಹಾಕ್ತೀವಿ, ಕೋರ್ಟಿಗೆ ಬನ್ನಿ" ಅಂದರೆ? ನಮ್ಮ ಕಲಿಕಾ ಕೇಂದ್ರಗಳಲ್ಲಿ ಅಣ್ಣಂದಿರೂ ಅಕ್ಕಂದಿರೂ ಈ ಪ್ರಶ್ನೆ ಕೇಳ್ತಾರೆ. ಅದಕ್ಕೇ ಈ ಪಾಠ. ನಿಧಾನವಾಗಿ ಓದೋಣ. ಒಟ್ಟಿಗೆ ಓದೋಣ.

ಪಾಸಿನಲ್ಲಿ ಏನು ಬರೆದಿದೆ?

ಪಾಸಿಗೆ ರೈಲ್ವೆಯವರು ಸೀಸನ್ ಟಿಕೆಟ್ ಅಂತಾರೆ. ಇದು ಒಂದು ತಿಂಗಳಿಗೆ ಸಿಗುತ್ತದೆ. ಮೂರು ತಿಂಗಳಿಗೂ ಸಿಗುತ್ತದೆ. ಆರು ತಿಂಗಳು, ಒಂದು ವರ್ಷಕ್ಕೂ ಇದೆ.

ನಿಮ್ಮ ಪಾಸು ಕೈಗೆ ತೆಗೆದುಕೊಳ್ಳಿ. ಈಗ ನಿಮಗೆ ಓದಲು ಬರುತ್ತದೆ. ಅಂಕಿಗಳೂ ಗೊತ್ತು. ಒಂದೊಂದಾಗಿ ಹುಡುಕಿ.

ಎಲ್ಲಿಂದ ಎಲ್ಲಿಗೆ ಅಂತ ಬರೆದಿದೆ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಅಂತ ಇದೆ. ಯಾವ ದರ್ಜೆ ಅಂತ ಇದೆ. ಎಷ್ಟು ರೂಪಾಯಿ ಅಂತ ಇದೆ. ಪಾಸಿನ ನಂಬರು ಇದೆ. ನಿಮ್ಮ ಗುರುತಿನ ಚೀಟಿಯ ನಂಬರೂ ಇದೆ.

ಗುರುತಿನ ಚೀಟಿ ಬಹಳ ಮುಖ್ಯ. ಪಾಸು ಮತ್ತು ಗುರುತಿನ ಚೀಟಿ ಜೋಡೆತ್ತು ಇದ್ದ ಹಾಗೆ. ಒಂದೇ ಎತ್ತಿನಿಂದ ಗಾಡಿ ಓಡುವುದಿಲ್ಲ. ಪಾಸು ಇದ್ದು ಗುರುತಿನ ಚೀಟಿ ಇಲ್ಲದಿದ್ದರೆ ಆ ಪಾಸು ನಡೆಯುವುದಿಲ್ಲ. ಎರಡೂ ಜೊತೆಯಲ್ಲಿ ಇರಬೇಕು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ರೈಲಿಗೆ ಒಂದು ಕಾನೂನು ಇದೆ. ಅದರ ಹೆಸರು ರೈಲ್ವೆ ಕಾಯ್ದೆ, 1989. ಅದು 1990ರ ಜುಲೈ 1ರಿಂದ ಜಾರಿಯಲ್ಲಿದೆ. ಕಾಯ್ದೆಯಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ನಂಬರು ಕೊಟ್ಟಿರುತ್ತಾರೆ. ಅದಕ್ಕೆ ಕಲಂ ಅಂತ ಹೆಸರು. ಸೆಕ್ಷನ್ ಅಂತಲೂ ಕರೀತಾರೆ.

55ನೇ ಕಲಂ ಹೀಗೆ ಹೇಳುತ್ತದೆ: ಪ್ರಯಾಣಿಕರು ಸರಿಯಾದ ಟಿಕೆಟ್ ಅಥವಾ ಪಾಸು ಜೊತೆಯಲ್ಲಿ ಇಟ್ಟುಕೊಂಡೇ ರೈಲು ಹತ್ತಬೇಕು. ಇಲ್ಲದಿದ್ದರೆ ಅಧಿಕಾರ ಇರುವ ರೈಲ್ವೆ ನೌಕರರ ಅನುಮತಿ ಪಡೆಯಬೇಕು.

54ನೇ ಕಲಂ ಹೀಗೆ ಹೇಳುತ್ತದೆ: ಅಧಿಕಾರ ಇರುವ ರೈಲ್ವೆ ನೌಕರರು ಕೇಳಿದಾಗ ಟಿಕೆಟ್ ಅಥವಾ ಪಾಸು ತೋರಿಸಬೇಕು.

"ನಾನು ದುಡ್ಡು ಕೊಟ್ಟು ಪಾಸು ಮಾಡಿಸಿದ್ದೇನೆ. ಕಳೆದುಹೋದರೆ ಏನಾಯ್ತು?" ಅಂತ ನಾವು ಕೇಳಬಹುದು. ಮಾತು ನ್ಯಾಯವಾಗಿಯೇ ಇದೆ. ಆದರೆ ತಪಾಸಣೆಯವರಿಗೆ ನಮ್ಮ ಮನೆಯ ವಿಚಾರ ಗೊತ್ತಿಲ್ಲ. ಅವರು ನೋಡುವುದು ಕೈಯಲ್ಲಿರುವ ಕಾಗದ. ಕಾಗದ ಇಲ್ಲದಿದ್ದರೆ ಟಿಕೆಟ್ ಇಲ್ಲ ಅಂತಲೇ ಲೆಕ್ಕ.

ಇನ್ನೊಂದು ಮಾತು. ಕಳೆದುಹೋದ ಪಾಸಿಗೆ ರೈಲ್ವೆಯವರು ಎರಡನೇ ಪ್ರತಿ ಕೊಡುವುದಿಲ್ಲ. ಹಣವೂ ವಾಪಸು ಬರುವುದಿಲ್ಲ. ಹೊಸ ಪಾಸನ್ನೇ ಮಾಡಿಸಬೇಕು.

ಇಲ್ಲಿ ಒಂದು ಲೆಕ್ಕ ಮಾಡೋಣ. ಮೂರು ತಿಂಗಳ ಪಾಸಿಗೆ ಒಂದು ತಿಂಗಳ ಪಾಸಿನ 2.7ರಷ್ಟು ಹಣ. ತಿಂಗಳ ಪಾಸು 200 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂರು ಸಲ ಮಾಡಿಸಿದರೆ 600 ರೂಪಾಯಿ. ಮೂರು ತಿಂಗಳದ್ದು ಒಟ್ಟಿಗೆ ಮಾಡಿಸಿದರೆ 540 ರೂಪಾಯಿ. 60 ರೂಪಾಯಿ ಉಳಿಯುತ್ತದೆ. ಆದರೆ ಮೊದಲ ವಾರದಲ್ಲೇ ಕಳೆದುಕೊಂಡರೆ? ಆಗ ಹೋಗುವುದೂ ದೊಡ್ಡ ಮೊತ್ತವೇ. ಜೋಪಾನ ಮಾಡುವವರಿಗೆ ಮೂರು ತಿಂಗಳದ್ದು ಒಳ್ಳೆಯದು. ಮರೆವು ಇರುವವರಿಗೆ ತಿಂಗಳದ್ದೇ ವಾಸಿ.

ಕಳೆದುಕೊಳ್ಳುವುದು ಬೇರೆ, ಮೋಸ ಮಾಡುವುದು ಬೇರೆ

ಈಗ ಈ ಪಾಠದ ಮುಖ್ಯ ವಿಷಯಕ್ಕೆ ಬರೋಣ. ಎರಡು ಕಲಂಗಳನ್ನು ನೆನಪಿಡಿ. ಒಂದು 138. ಇನ್ನೊಂದು 137. ನಂಬರಿನಲ್ಲಿ ಒಂದೇ ವ್ಯತ್ಯಾಸ. ಬದುಕಿನಲ್ಲಿ ದೊಡ್ಡ ವ್ಯತ್ಯಾಸ.

138ನೇ ಕಲಂ ಟಿಕೆಟ್ ಇಲ್ಲದೆ ಸಿಕ್ಕಿದವರಿಗೆ. ಅವರು ಎರಡು ಹಣ ಕಟ್ಟಬೇಕು. ಮೊದಲನೆಯದು, ಪ್ರಯಾಣದ ಟಿಕೆಟ್ ದರ. ಎರಡನೆಯದು, ಅದರ ಮೇಲೆ ಹೆಚ್ಚುವರಿ ಹಣ. ಈ ಹೆಚ್ಚುವರಿ ಹಣ ಟಿಕೆಟ್ ದರದಷ್ಟು ಅಥವಾ 250 ರೂಪಾಯಿ. ಎರಡರಲ್ಲಿ ಯಾವುದು ಹೆಚ್ಚೋ ಅದು. ಈ ಹಣ ಕಟ್ಟಿ ರಸೀದಿ ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು. ಕೋರ್ಟಿನ ಮಾತಿಲ್ಲ.

137ನೇ ಕಲಂ ಬೇರೆ. ಇದು ರೈಲ್ವೆಗೆ ಮೋಸ ಮಾಡುವ ಉದ್ದೇಶದಿಂದ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದವರಿಗೆ. ಇದು ಅಪರಾಧ. ಇದಕ್ಕೆ ಆರು ತಿಂಗಳವರೆಗೆ ಜೈಲು ಆಗಬಹುದು. ಅಥವಾ 1000 ರೂಪಾಯಿವರೆಗೆ ದಂಡ ಆಗಬಹುದು. ಎರಡೂ ಆಗಬಹುದು. ವಿಶೇಷ ಕಾರಣ ಇಲ್ಲದಿದ್ದರೆ ದಂಡ 500 ರೂಪಾಯಿಗೆ ಕಡಿಮೆ ಆಗುವುದಿಲ್ಲ. ಇದನ್ನು ತೀರ್ಮಾನ ಮಾಡುವವರು ಮ್ಯಾಜಿಸ್ಟ್ರೇಟರು. ತಪಾಸಣೆಯವರಲ್ಲ.

"ಮೋಸ ಮಾಡುವ ಉದ್ದೇಶ" ಅನ್ನುವ ಮಾತಿಗೆ ಗೆರೆ ಎಳೆಯಿರಿ. ಪಾಸು ಕಳೆದುಕೊಂಡವರಿಗೆ ಆ ಉದ್ದೇಶ ಇಲ್ಲ. ಅವರು ಮೊದಲೇ ಹಣ ಕೊಟ್ಟಿದ್ದಾರೆ. ಹಣ ಕಟ್ಟಬೇಕಾಗಬಹುದು, ಅದು ನಷ್ಟ. ಆದರೆ ಅವರು ಕಳ್ಳರಲ್ಲ.

ಈ ವ್ಯತ್ಯಾಸ ಇವತ್ತಿನದಲ್ಲ. ಬ್ರಿಟಿಷರ ಕಾಲದ 1890ರ ರೈಲ್ವೆ ಕಾಯ್ದೆಯಲ್ಲೂ ಮೋಸಕ್ಕೆ ಒಂದು ಕಲಂ, ಬರೀ ಟಿಕೆಟ್ ಇಲ್ಲದ್ದಕ್ಕೆ ಇನ್ನೊಂದು ಕಲಂ ಇತ್ತು. ಇಂಗ್ಲೆಂಡಿನ 1889ರ ಕಾನೂನಿನಲ್ಲೂ ದುಡ್ಡು ತಪ್ಪಿಸುವ ಉದ್ದೇಶ ಇತ್ತೇ ಅಂತ ಕೇಳುತ್ತಾರೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕಾನೂನು ಮನುಷ್ಯನ ಮನಸ್ಸನ್ನು ನೋಡುತ್ತಾ ಬಂದಿದೆ.

ಆದರೆ ಮನಸ್ಸು ಯಾರ ಕಣ್ಣಿಗೂ ಕಾಣುವುದಿಲ್ಲ. ಕಾಣುವುದು ನಮ್ಮ ನಡತೆ. ನಾವು ಆ ಹೊತ್ತಿನಲ್ಲಿ ಏನು ಮಾಡಿದೆವು? ಏನು ಹೇಳಿದೆವು? ಯಾವ ಕಾಗದಕ್ಕೆ ಸಹಿ ಹಾಕಿದೆವು? ಅದನ್ನು ನೋಡಿಯೇ 138 ಅಥವಾ 137 ಅಂತ ಆಗುತ್ತದೆ.

ಒಂದು ಉದಾಹರಣೆ

ಮಾಲೂರು ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಅಂತ ಇಟ್ಟುಕೊಳ್ಳೋಣ. ವೈಟ್‌ಫೀಲ್ಡ್ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಮಾಲೂರಿನಲ್ಲಿ ರೈಲು ಹತ್ತಿದ್ದಾಳೆ. ದೇವನಗೊಂದಿ ದಾಟಿದ ಮೇಲೆ ಚೀಲ ನೋಡಿಕೊಂಡಳು. ಪಾಸು ಇಲ್ಲ. ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಡಬ್ಬಿಯ ಆ ತುದಿಯಲ್ಲಿ ಟಿ.ಸಿ. ಕಾಣಿಸಿದರು.

ಅವಳ ಮುಂದೆ ಎರಡು ದಾರಿ ಇವೆ.

ಒಂದು ದಾರಿ. ಸಂಡಾಸಿಗೆ ಹೋಗಿ ಚಿಲಕ ಹಾಕಿಕೊಳ್ಳುವುದು. ಪಕ್ಕದವಳ ಪಾಸು ಇಸ್ಕೊಂಡು ತೋರಿಸುವುದು. ರೈಲು ನಿಲ್ಲುವ ಮೊದಲೇ ಆ ಕಡೆ ಹಾರಿ ಓಡುವುದು. ಸುಳ್ಳು ಹೆಸರು ಹೇಳುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಇದೆಯಲ್ಲ, ಹಾಗೆ ಆಗುತ್ತದೆ. ತಪ್ಪು ಮಾಡದವಳು ತಪ್ಪು ಮಾಡಿದವಳ ಹಾಗೆ ಕಾಣುತ್ತಾಳೆ. ಹಾರಿದರೆ ಜೀವಕ್ಕೂ ಅಪಾಯ.

ಇನ್ನೊಂದು ದಾರಿ. ಟಿ.ಸಿ. ಕೇಳುವ ಮೊದಲೇ ಎದ್ದು ಹೋಗಿ ಹೇಳುವುದು. "ಸಾರ್, ನಾನು ಮಾಲೂರಿನಲ್ಲಿ ಹತ್ತಿದೆ. ವೈಟ್‌ಫೀಲ್ಡಿಗೆ ಹೋಗ್ತೀನಿ. ನನ್ನ ಪಾಸು ಕಳೆದುಹೋಗಿದೆ. ಇದು ನನ್ನ ಗುರುತಿನ ಚೀಟಿ. ಇದು ಪಾಸಿನ ನಂಬರು. ಎಷ್ಟು ಕಟ್ಟಬೇಕು ಹೇಳಿ, ರಸೀದಿ ಕೊಡಿ."

ಈ ನಾಲ್ಕು ಮಾತು ಸಾಕು. ಇದರಲ್ಲಿ ಅಳು ಇಲ್ಲ, ಜಗಳ ಇಲ್ಲ, ಸುಳ್ಳು ಇಲ್ಲ. ಎಲ್ಲಿ ಹತ್ತಿದೆ, ಎಲ್ಲಿಗೆ ಹೋಗ್ತೀನಿ, ಏನಾಯಿತು, ನಾನು ಯಾರು ಅನ್ನುವುದು ಸ್ಪಷ್ಟವಾಗಿದೆ.

ಎಲ್ಲಿ ಹತ್ತಿದೆ ಅಂತ ಹೇಳುವುದಕ್ಕೂ ಒಂದು ಕಾರಣ ಇದೆ. ಹತ್ತಿದ ಸ್ಟೇಷನ್ ಯಾವುದು ಅನ್ನುವ ಅನುಮಾನ ಬಂದರೆ, ರೈಲು ಹೊರಟ ಮೊದಲ ಸ್ಟೇಷನ್ನಿನಿಂದ ಲೆಕ್ಕ ಹಾಕಬಹುದು. ನಡುವೆ ಎಲ್ಲಾದರೂ ಟಿಕೆಟ್ ತಪಾಸಣೆ ಆಗಿದ್ದರೆ ಅಲ್ಲಿಂದ ಲೆಕ್ಕ. ಮಾರಿಕುಪ್ಪಂನಿಂದ ಹೊರಟ ರೈಲಾದರೆ ಮಾರಿಕುಪ್ಪಂನಿಂದ. ದೂರದ ಊರಿನಿಂದ ಬಂದ ರೈಲಾದರೆ ಆ ಊರಿನಿಂದ.

ಲೆಕ್ಕ ಮಾಡಿ. ಮಾಲೂರಿನಿಂದ ಟಿಕೆಟ್ ದರ 10 ರೂಪಾಯಿ ಅಂತ ಇಟ್ಟುಕೊಳ್ಳಿ. 10 ಕೂಡಿಸು 250. ಒಟ್ಟು 260 ರೂಪಾಯಿ. ರೈಲು ಹೊರಟ ಊರಿನಿಂದ ದರ 120 ರೂಪಾಯಿ ಅಂತ ಇಟ್ಟುಕೊಳ್ಳಿ. 120 ಕೂಡಿಸು 250. ಒಟ್ಟು 370 ರೂಪಾಯಿ. ಒಂದು ಮಾತು ಸರಿಯಾಗಿ ಹೇಳದಿದ್ದರೆ 110 ರೂಪಾಯಿ ಜಾಸ್ತಿ.

ಕಳೆದದ್ದು ಗೊತ್ತಾದ ಕೂಡಲೇ

ರೈಲು ಹತ್ತುವ ಮೊದಲೇ ಗೊತ್ತಾದರೆ ಸುಲಭ. ಕೌಂಟರಿಗೆ ಹೋಗಿ ಆ ದಿನದ ಟಿಕೆಟ್ ತೆಗೆದುಕೊಳ್ಳಿ. ಒಂದು ರೈಲು ತಪ್ಪಿದರೂ ಚಿಂತೆ ಇಲ್ಲ. ಹತ್ತು ರೂಪಾಯಿ ಟಿಕೆಟ್ಟಿಗೆ ಸೋಮಾರಿತನ ಮಾಡಿ 260 ಕಟ್ಟುವುದು ಜಾಣತನವಲ್ಲ.

ಕೌಂಟರಿನಲ್ಲಿ ಉದ್ದ ಸಾಲು ಇದೆ, ರೈಲು ಬಂದೇಬಿಟ್ಟಿತು ಅನ್ನಿ. ಆಗ ಒಂದು ದಾರಿ ಕಾನೂನಿನಲ್ಲೇ ಇದೆ. ಅಧಿಕಾರ ಇರುವ ರೈಲ್ವೆ ನೌಕರರನ್ನು ಕೇಳಿ, "ಪ್ರಯಾಣ ಮಾಡಿ ಆಮೇಲೆ ಹಣ ಕಟ್ಟುತ್ತೇನೆ" ಅಂತ ಅನುಮತಿ ಪಡೆಯಬಹುದು. ರೈಲಿನ ಗಾರ್ಡನ್ನು ಕೇಳಿ. 2022ರಿಂದ ಗಾರ್ಡಿಗೆ ಟ್ರೈನ್ ಮ್ಯಾನೇಜರ್ ಅಂತ ಹೆಸರಾಗಿದೆ. ಅನುಮತಿ ಕೊಟ್ಟವರು ಅದಕ್ಕೆ ಒಂದು ಚೀಟಿ ಕೊಡುತ್ತಾರೆ. ಆ ಚೀಟಿ ಕೈಯಲ್ಲಿದ್ದರೆ ಟಿಕೆಟ್ ದರ ಮಾತ್ರ ಕಟ್ಟಬೇಕು. ಹೆಚ್ಚುವರಿ 250 ರೂಪಾಯಿ ಇಲ್ಲ. ಆದರೆ ಬಾಯಿಮಾತಿನ ಅನುಮತಿ ನಂಬಿ ಹತ್ತಬೇಡಿ. ಚೀಟಿ ಕೇಳಿ ತೆಗೆದುಕೊಳ್ಳಿ.

ಪಾಸು ಕಳೆದ ವಿಷಯ ಸ್ಟೇಷನ್ ಮಾಸ್ಟರಿಗೆ ತಿಳಿಸಿ. ಯಾರಾದರೂ ತಂದು ಕೊಟ್ಟಿರಬಹುದು. ರೈಲ್ವೆಯ ಸಹಾಯವಾಣಿ 139. ಆ ನಂಬರಿಗೂ ಫೋನ್ ಮಾಡಬಹುದು. ಪೊಲೀಸರಿಗೂ ತಿಳಿಸಬಹುದು. ಅವರು ದೂರು ಬಂದಿದೆ ಅಂತ ಒಂದು ಕಾಗದ ಕೊಡುತ್ತಾರೆ. ಅದನ್ನು ಜೋಪಾನ ಮಾಡಿ. ಆದರೆ ಒಂದು ಎಚ್ಚರಿಕೆ. ಆ ಕಾಗದ ಟಿಕೆಟ್ ಅಲ್ಲ. ಅದನ್ನು ತೋರಿಸಿ ಮರುದಿನ ರೈಲು ಹತ್ತುವ ಹಾಗಿಲ್ಲ. ನೀವು ಸತ್ಯ ಹೇಳುತ್ತಿದ್ದೀರಿ ಅನ್ನುವುದಕ್ಕೆ ಮಾತ್ರ ಅದು ಆಧಾರ.

ರಸೀದಿ ಓದಿ ತೆಗೆದುಕೊಳ್ಳಿ

ಹಣ ಕಟ್ಟುವ ಮೊದಲು ಎದುರಿಗಿರುವವರು ಯಾರು ಅಂತ ತಿಳಿಯಿರಿ. ಟಿಕೆಟ್ ತಪಾಸಣೆಯವರ ಹತ್ತಿರ ರೈಲ್ವೆಯ ಗುರುತಿನ ಚೀಟಿ ಇರುತ್ತದೆ. ಮರ್ಯಾದೆಯಿಂದ "ನಿಮ್ಮ ಗುರುತಿನ ಚೀಟಿ ತೋರಿಸ್ತೀರಾ ಸಾರ್" ಅಂತ ಕೇಳಬಹುದು. ಕೇಳುವುದು ತಪ್ಪಲ್ಲ.

ಹಣ ಕಟ್ಟಿದರೆ ರಸೀದಿ ಬೇಕೇ ಬೇಕು. "ನೂರು ರೂಪಾಯಿ ಕೊಡಿ, ರಸೀದಿ ಬೇಡ, ಬಿಟ್ಟುಬಿಡ್ತೀನಿ" ಅಂತ ಯಾರಾದರೂ ಹೇಳಬಹುದು. ಒಪ್ಪಬೇಡಿ. ಅದು ಲಂಚ. ರಸೀದಿ ಇಲ್ಲದಿದ್ದರೆ ಮುಂದಿನ ಸ್ಟೇಷನ್ನಿನಲ್ಲಿ ಇನ್ನೊಬ್ಬರು ಹಿಡಿಯುತ್ತಾರೆ. ಆಗ ಕೊಟ್ಟ ಹಣವೂ ಹೋಯಿತು, ದಂಡವೂ ಬಂತು.

ರಸೀದಿಯಲ್ಲಿ ತಾರೀಕು ನೋಡಿ. ಎಲ್ಲಿಂದ ಎಲ್ಲಿಗೆ ಅಂತ ನೋಡಿ. ಹಣ ಎಷ್ಟು ಅಂತ ನೋಡಿ. ಕೊಟ್ಟ ಹಣವೂ ಬರೆದ ಹಣವೂ ಒಂದೇ ಇರಬೇಕು. ಆ ಪ್ರಯಾಣ ಮುಗಿಯುವವರೆಗೆ ಆ ರಸೀದಿಯೇ ನಿಮ್ಮ ಟಿಕೆಟ್.

ಕೈಯಲ್ಲಿ ಹಣ ಇಲ್ಲದಿದ್ದರೆ?

ನಮ್ಮ ಜನ ಹೆದರುವುದು ಇಲ್ಲಿಯೇ. ಕೂಲಿಗೆ ಹೋಗುವವರ ಸೆರಗಿನ ಗಂಟಿನಲ್ಲಿ ದಿನಾ 260 ರೂಪಾಯಿ ಇರುವುದಿಲ್ಲ. ಆಗ ಏನಾಗುತ್ತದೆ?

ಹಣ ಕಟ್ಟದಿದ್ದರೆ ರೈಲ್ವೆಯವರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಹಣ ಕೊಡಬೇಕಾದ್ದು ನಿಜ ಅಂತ ಕಂಡರೆ ಮ್ಯಾಜಿಸ್ಟ್ರೇಟರು ವಸೂಲಿಗೆ ಆದೇಶ ಮಾಡುತ್ತಾರೆ. ಆಗಲೂ ಕಟ್ಟದಿದ್ದರೆ ಹತ್ತು ದಿನಕ್ಕೆ ಕಡಿಮೆ ಇಲ್ಲದಂತೆ, ಒಂದು ತಿಂಗಳವರೆಗೆ ಜೈಲು ಅಂತ ಆದೇಶ ಮಾಡಬಹುದು. ಹತ್ತು ದಿನ ಜೈಲು ಅಂದರೆ ಹತ್ತು ದಿನದ ಕೂಲಿ ಹೋಯಿತು. ಕೆಲಸವೂ ಹೋಗಬಹುದು. ಅದಕ್ಕೇ ಜೊತೆಯವರನ್ನು ಕೇಳಿ, ಮನೆಗೆ ಫೋನ್ ಮಾಡಿ, ಹೇಗಾದರೂ ಹಣ ಹೊಂದಿಸಿ ಅಲ್ಲೇ ಕಟ್ಟುವುದು ಒಳ್ಳೆಯದು. ಒಂದೇ ರೈಲಿನಲ್ಲಿ ದಿನಾ ಹೋಗುವವರು ಹತ್ತು ಹತ್ತು ರೂಪಾಯಿ ಹಾಕಿದರೂ ಒಬ್ಬರ ಕಷ್ಟ ನೀಗುತ್ತದೆ.

ಟಿಕೆಟ್ ಇಲ್ಲದೆ ಹಣವೂ ಕಟ್ಟದವರನ್ನು ರೈಲಿನಿಂದ ಇಳಿಸುವ ಅಧಿಕಾರ ರೈಲ್ವೆಗೆ ಇದೆ. ಆದರೆ ಹೆಂಗಸರಿಗೂ ಮಕ್ಕಳಿಗೂ 139ನೇ ಕಲಂ ರಕ್ಷಣೆ ಕೊಟ್ಟಿದೆ. ಜೊತೆಯಲ್ಲಿ ಗಂಡಸರಿಲ್ಲದ ಹೆಂಗಸನ್ನು ಅಥವಾ ಮಗುವನ್ನು ಎಲ್ಲೆಂದರಲ್ಲಿ ಇಳಿಸುವ ಹಾಗಿಲ್ಲ. ಹತ್ತಿದ ಸ್ಟೇಷನ್ನಿನಲ್ಲಿ, ಜಂಕ್ಷನ್ನಿನಲ್ಲಿ, ರೈಲಿನ ಕೊನೆಯ ಸ್ಟೇಷನ್ನಿನಲ್ಲಿ ಅಥವಾ ಜಿಲ್ಲಾ ಕೇಂದ್ರದ ಸ್ಟೇಷನ್ನಿನಲ್ಲಿ ಮಾತ್ರ ಇಳಿಸಬಹುದು. ಅದೂ ಹಗಲು ಹೊತ್ತಿನಲ್ಲಿ ಮಾತ್ರ. ರಾತ್ರಿ ಹೊತ್ತು ಇಳಿಸುವ ಹಾಗಿಲ್ಲ. ಇದನ್ನು ಎಲ್ಲಾ ಅಕ್ಕ ತಂಗಿಯರೂ ತಿಳಿದಿರಬೇಕು.

ಕೇಸು ಅಂತ ಆದರೆ

ಕೆಲವು ಸಲ ಮಾತಿಗೆ ಮಾತು ಬೆಳೆಯುತ್ತದೆ. "ನೀವು ಬೇಕಂತಲೇ ಹತ್ತಿದ್ದೀರಿ" ಅಂತಾರೆ. 137ರ ಕೆಳಗೆ ಕೇಸು ಬರೀತಾರೆ. ರೈಲ್ವೆ ರಕ್ಷಣಾ ದಳದವರ ಹತ್ತಿರ ಒಪ್ಪಿಸುತ್ತಾರೆ. ಆಗಲೂ ಧೈರ್ಯ ಬಿಡಬೇಡಿ. ಕಾನೂನು ಆಗಲೂ ನಿಮ್ಮ ಜೊತೆ ಇದೆ.

ಹಿಡಿದವರನ್ನು 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ನಮ್ಮ ಸಂವಿಧಾನದ ಮಾತು. ಯಾಕೆ ಹಿಡಿದಿದ್ದೀರಿ ಅಂತ ಕೇಳುವ ಹಕ್ಕು ನಿಮಗೆ ಇದೆ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕೂ ಇದೆ. 137ರ ಕೇಸು ಜಾಮೀನು ಸಿಗುವ ಕೇಸು. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ದಸ್ತಗಿರಿ ಮಾಡಬಾರದು ಅಂತ ಕಾನೂನು ಇದೆ. ವಿಶೇಷ ಸಂದರ್ಭ ಇದ್ದರೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸಹಿ. ಒಂದು ಕಾಗದ ಮುಂದೆ ಇಡುತ್ತಾರೆ. "ಇಲ್ಲಿ ಹಾಕಿ, ಬೇಗ ಹೋಗಬಹುದು" ಅಂತಾರೆ. ಹಿಂದೆ ನಾವು ಹೆಬ್ಬೆಟ್ಟು ಒತ್ತಿ ಬಂದುಬಿಡುತ್ತಿದ್ದೆವು. ಆ ಕಾಗದದಲ್ಲಿ ಏನಿತ್ತು ಅಂತ ನಮಗೆ ಗೊತ್ತಿರಲಿಲ್ಲ. ಈಗ ಹಾಗಲ್ಲ. ಓದಿ. ನಿಧಾನವಾಗಿ ಓದಿ. ಬೇರೆ ಭಾಷೆಯಲ್ಲಿ ಇದ್ದರೆ "ಕನ್ನಡದಲ್ಲಿ ಓದಿ ಹೇಳಿ" ಅನ್ನಿ. ಕಾಗದದಲ್ಲಿ 137 ಅಂತ ಇದೆಯೇ, 138 ಅಂತ ಇದೆಯೇ ನೋಡಿ. "ಮೋಸ ಮಾಡಿದ್ದು ನಿಜ, ತಪ್ಪು ಒಪ್ಪಿಕೊಂಡಿದ್ದೇನೆ" ಅಂತ ಬರೆದಿದ್ದರೆ, ಅದು ನಿಜವಲ್ಲದಿದ್ದರೆ, ಸಹಿ ಹಾಕಬೇಡಿ. ಖಾಲಿ ಕಾಗದಕ್ಕೂ ಸಹಿ ಹಾಕಬೇಡಿ.

ಕೋರ್ಟಿನಲ್ಲಿ "ತಪ್ಪು ಒಪ್ಪಿಕೊಳ್ಳುತ್ತೀರಾ?" ಅಂತ ಕೇಳುತ್ತಾರೆ. ಹೆದರಿಕೆಗೆ "ಹೂಂ" ಅಂದುಬಿಡಬೇಡಿ. "ಸ್ವಾಮಿ, ನನ್ನ ಹತ್ತಿರ ಪಾಸು ಇತ್ತು. ಕಳೆದುಹೋಯಿತು. ಇದು ಅದರ ನಂಬರು. ನನಗೆ ವಕೀಲರು ಬೇಕು" ಅಂತ ಕೈಮುಗಿದು ಹೇಳಿ.

ವಕೀಲರಿಗೆ ದುಡ್ಡು ಎಲ್ಲಿಂದ ತರೋಣ ಅಂತ ಯೋಚನೆ ಬೇಡ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರಲ್ಲಿ ಆಯಿತು. 1995ರ ನವೆಂಬರ್ 9ರಿಂದ ಜಾರಿಗೆ ಬಂತು. ಅದರಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕೆಲಸಗಾರರಿಗೆ, ಬಂಧನದಲ್ಲಿ ಇರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯ ಕಡಿಮೆ ಇರುವ ಬೇರೆಯವರಿಗೂ ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಅಲ್ಲಿ ಒಂದು ಅರ್ಜಿ ಕೊಟ್ಟರೆ ಆಯಿತು. ಫೋನ್ ನಂಬರು 15100. ಈ ನಂಬರನ್ನು ಗೋಡೆಯ ಮೇಲೆ ಬರೆದಿಡಿ.

ಮಾಡಬಾರದ ಕೆಲಸಗಳು

ಒಬ್ಬರ ಪಾಸಿನಲ್ಲಿ ಇನ್ನೊಬ್ಬರು ಹೋಗಬಾರದು. "ಇವತ್ತು ನಾನು ಕೆಲಸಕ್ಕೆ ಹೋಗೋದಿಲ್ಲ, ನನ್ನ ಪಾಸು ತಗೊಂಡು ಹೋಗು" ಅಂತ ಅಕ್ಕ ತಂಗಿಗೆ ಕೊಡುತ್ತಾಳೆ. ಪ್ರೀತಿಯಿಂದಲೇ ಕೊಡುತ್ತಾಳೆ. ಆದರೆ ಇದು 142ನೇ ಕಲಂ ಪ್ರಕಾರ ಅಪರಾಧ. ಮೂರು ತಿಂಗಳವರೆಗೆ ಜೈಲು, ಅಥವಾ 500 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪಾಸನ್ನೂ ಕಿತ್ತುಕೊಳ್ಳುತ್ತಾರೆ.

ದಾರಿಯಲ್ಲಿ ಸಿಕ್ಕಿದ ಪಾಸನ್ನು ಇಟ್ಟುಕೊಳ್ಳಬಾರದು. ಅದನ್ನು ಕಳೆದುಕೊಂಡವರ ಸಂಕಟ ಏನು ಅಂತ ಈಗ ನಮಗೆ ಗೊತ್ತಾಯಿತು. ಸ್ಟೇಷನ್ ಮಾಸ್ಟರ ಕೈಗೆ ಕೊಡಿ.

ತಪಾಸಣೆಯವರ ಮೇಲೆ ಕೈ ಮಾಡಬಾರದು. ಅಡ್ಡ ಹಾಕಬಾರದು. ರೈಲ್ವೆ ನೌಕರರ ಕೆಲಸಕ್ಕೆ ಅಡ್ಡಿ ಮಾಡಿದರೆ ಅದೇ ಇನ್ನೊಂದು ಕೇಸು. 146ನೇ ಕಲಂ ಪ್ರಕಾರ ಅದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 260 ರೂಪಾಯಿಯ ವಿಷಯ ಅಲ್ಲಿಗೆ ಹೋಗಬಾರದು.

ಮೊಬೈಲಿನಲ್ಲಿ ಪಾಸು

ಈಗ ಮೊಬೈಲ್ ಫೋನಿನಲ್ಲೂ ಪಾಸು ಮಾಡಿಸಬಹುದು. ಸಾಲಿನಲ್ಲಿ ನಿಲ್ಲುವ ಕಷ್ಟ ಇಲ್ಲ. ಕಾಗದ ಕಳೆಯುವ ಭಯ ಇಲ್ಲ. ಆದರೆ ಫೋನಿನ ಚಾರ್ಜು ಮುಗಿದರೆ ಪಾಸು ತೋರಿಸಲು ಆಗುವುದಿಲ್ಲ. ಆಗಲೂ ಟಿಕೆಟ್ ಇಲ್ಲ ಅಂತಲೇ ಲೆಕ್ಕ. ಪಾಸನ್ನು ರೈಲ್ವೆಯ ಆ್ಯಪಿನಲ್ಲೇ ತೋರಿಸಬೇಕು. ಅದರ ಫೋಟೋ ತೆಗೆದು ತೋರಿಸಿದರೆ ನಡೆಯುವುದಿಲ್ಲ. ರಾತ್ರಿ ಮಲಗುವ ಮೊದಲು ಫೋನ್ ಚಾರ್ಜಿಗೆ ಹಾಕುವುದು ಮರೆಯಬೇಡಿ.

ಬಸ್ಸಿನಲ್ಲಿ ಹೋಗುವವರಿಗೆ

ಎಲ್ಲರಿಗೂ ರೈಲು ಇಲ್ಲ. ಮುಳಬಾಗಿಲಿನವರಿಗೆ ಬಸ್ಸೇ ಆಧಾರ. ಮಾಲೂರಿನಲ್ಲೂ ರೈಲು ದಾರಿಯಿಂದ ದೂರ ಇರುವ ಹಳ್ಳಿಗಳಿಗೆ ಬಸ್ಸೇ ಗತಿ.

ಬಸ್ಸಿಗೆ ಬೇರೆ ಕಾನೂನು. ಅದು ಮೋಟಾರು ವಾಹನ ಕಾಯ್ದೆ, 1988. ಅದರ 178ನೇ ಕಲಂ ಪ್ರಕಾರ, ಟಿಕೆಟ್ ಅಥವಾ ಪಾಸು ಇಲ್ಲದೆ ಪ್ರಯಾಣ ಮಾಡಿದರೆ 500 ರೂಪಾಯಿವರೆಗೆ ದಂಡ. ಕೇಳಿದಾಗ ತೋರಿಸದಿದ್ದರೂ ಅಷ್ಟೇ. ಬಸ್ಸಿನಿಂದ ಇಳಿದ ಮೇಲೆ ಕೇಳಿದರೂ ತೋರಿಸಬೇಕು. ಅದಕ್ಕೇ ಇಳಿದ ಕೂಡಲೇ ಟಿಕೆಟ್ ಹರಿದು ಎಸೆಯಬೇಡಿ.

ಪಾಸು ಕಳೆದಿದೆ ಅಂತ ಬಸ್ಸಿನಲ್ಲಿ ಗೊತ್ತಾದರೆ ಬಹಳ ಸುಲಭದ ದಾರಿ ಇದೆ. ಕೂಡಲೇ ಕಂಡಕ್ಟರಿಗೆ ಹೇಳಿ ಟಿಕೆಟ್ ತೆಗೆದುಕೊಳ್ಳಿ. ತಪಾಸಣೆಯವರು ಹತ್ತಿದ ಮೇಲೆ ಹೇಳಿದರೆ ತಡವಾಯಿತು. ಶಾಲೆಗೆ ಹೋಗುವ ಮಕ್ಕಳಿಗೂ ಇದನ್ನು ಹೇಳಿಕೊಡಿ. ಮಕ್ಕಳು ಪಾಸು ಕಳೆದುಕೊಂಡು ಮನೆಯಲ್ಲಿ ಬೈತಾರೆ ಅಂತ ಸುಮ್ಮನಿರುತ್ತಾರೆ. ಬೈಯಬೇಡಿ. ಕರೆದುಕೊಂಡು ಹೋಗಿ ಪಾಸು ಕೊಟ್ಟ ಬಸ್ ನಿಲ್ದಾಣದಲ್ಲಿ ವಿಚಾರಿಸಿ.

2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂದಿದೆ. ಕರ್ನಾಟಕದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಹೋಗಬಹುದು. ಆದರೆ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರು ಶೂನ್ಯ ಟಿಕೆಟ್ ಕೊಡುತ್ತಾರೆ. ಶೂನ್ಯ ಅಂತ ಬರೆದಿದ್ದರೂ ಅದು ಟಿಕೆಟ್ಟೇ. ಇಳಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.

ಇವತ್ತೇ ಮಾಡೋಣ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರೆ. ನಮಗೆ ಹಾಗಾಗುವುದು ಬೇಡ. ನಾಲ್ಕು ಕೆಲಸ ಇವತ್ತೇ ಮಾಡೋಣ.

ಒಂದು. ನೋಟ್ ಪುಸ್ತಕ ತೆಗೆಯಿರಿ. ಪಾಸಿನ ನಂಬರು, ಗುರುತಿನ ಚೀಟಿಯ ನಂಬರು, ಮುಗಿಯುವ ತಾರೀಕು ನಿಮ್ಮ ಕೈಯಿಂದಲೇ ಬರೆಯಿರಿ. ಪ್ರತಿ ಸಲ ಹೊಸ ಪಾಸು ಮಾಡಿಸಿದಾಗಲೂ ಬರೆಯಿರಿ. ಅದೇ ನಂಬರನ್ನು ಒಂದು ಚಿಕ್ಕ ಚೀಟಿಯಲ್ಲಿ ಬರೆದು ಊಟದ ಚೀಲದಲ್ಲಿ ಇಡಿ.

ಎರಡು. ಪಾಸಿನ ಒಂದು ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಇಡಿ. ಅದರಲ್ಲಿ ಪ್ರಯಾಣ ಮಾಡುವ ಹಾಗಿಲ್ಲ. ಆದರೆ ಪಾಸು ಮಾಡಿಸಿದ್ದು ನಿಜ ಅಂತ ತೋರಿಸಲು ಅದು ಸಾಕ್ಷಿ.

ಮೂರು. ಪಾಸನ್ನೂ ದುಡ್ಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ಪರ್ಸು ಹೋದರೆ ಎರಡೂ ಹೋಗುತ್ತದೆ. ಆಗದಿದ್ದರೂ ಕಷ್ಟಪಟ್ಟು 300 ರೂಪಾಯಿ ಬೇರೆ ಕಡೆ ಮಡಚಿಡಿ. ಸ್ತ್ರೀಶಕ್ತಿ ಸಂಘದವರು ಇದಕ್ಕಾಗಿ ಒಂದು ಸಣ್ಣ ಉಳಿತಾಯ ಮಾಡಿದರೆ ಇನ್ನೂ ಒಳ್ಳೆಯದು.

ನಾಲ್ಕು. ಈ ಪಾಠವನ್ನು ಓದಲು ಬಾರದ ಒಬ್ಬರಿಗೆ ಓದಿ ಹೇಳಿ. ನಾಳೆ ರೈಲಿನಲ್ಲಿ ಅವರೂ ನಿಮ್ಮ ಪಕ್ಕದಲ್ಲೇ ಕೂರುತ್ತಾರೆ.

ನೀವೇ ಉತ್ತರ ಹೇಳಿ

1. ಪಾಸಿನ ಜೊತೆಯಲ್ಲಿ ಇನ್ನೇನು ಇರಬೇಕು?

2. 137ನೇ ಕಲಂ ಯಾರಿಗೆ? 138ನೇ ಕಲಂ ಯಾರಿಗೆ?

3. ಟಿಕೆಟ್ ದರ 15 ರೂಪಾಯಿ. ಹೆಚ್ಚುವರಿ 250 ರೂಪಾಯಿ. ಒಟ್ಟು ಎಷ್ಟು?

4. ಒಂಟಿಯಾಗಿ ಇರುವ ಹೆಂಗಸನ್ನು ರಾತ್ರಿ ಹೊತ್ತು ರೈಲಿನಿಂದ ಇಳಿಸಬಹುದೇ?

5. ಉಚಿತ ವಕೀಲರು ಬೇಕಾದರೆ ಯಾವ ನಂಬರಿಗೆ ಫೋನ್ ಮಾಡಬೇಕು?

6. ಮುಂದೆ ಇಟ್ಟ ಕಾಗದಕ್ಕೆ ಸಹಿ ಹಾಕುವ ಮೊದಲು ಏನು ಮಾಡಬೇಕು?

ಆರನೇ ಪ್ರಶ್ನೆಯ ಉತ್ತರವನ್ನು ನಾವೇ ಹೇಳುತ್ತೇವೆ: ಓದಬೇಕು.